ಮಡಚು ಸೈಕಲ್ಲಿನ ಹೊಟ್ಟೆಕಿಚ್ಚು

ನಾನು ಒಂದು ಮಡಚುವ ಸೈಕಲ್ಲು. ನನ್ನದು ಅಷ್ಟೇನೂ ಒಳ್ಳೆಯ ಸ್ವಭಾವವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿದ ಗಳಿಗೆಯಿಂದ ನನಗೆ ಹೊಟ್ಟೆಕಿಚ್ಚು.

ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ, ಸಾವಿರದ ಒಂಬೈನೂರ ಅರವತ್ತೇಳರ ಚಳಿಗಾಲದಲ್ಲಿ. ಪಕ್ಕದ ಸಾಲಿನಲ್ಲಿ ಎತ್ತರದ ಗಾಲಿಯ ಓಟದ ಸೈಕಲ್ಲುಗಳು ತಯಾರಾಗುತ್ತಿದ್ದವು. ಅವುಗಳ ಚೌಕಟ್ಟನ್ನು ಬೆಸೆದು, ಬಣ್ಣ ಬಳಿದು, ಇಡಿಯಾಗಿ ಕಳಿಸುತ್ತಿದ್ದರು. ನನ್ನನ್ನು ಮಾತ್ರ ನಡುವಿಗೆ ಕತ್ತರಿಸಿದರು. ಎರಡು ತುಂಡುಗಳ ನಡುವೆ ಒಂದು ಕೀಲು ಕೂರಿಸಿ, ಅದರೊಳಗೆ ಬೆರಳುದ್ದದ ಉಕ್ಕಿನ ಅಚ್ಚು ಇಳಿಸಿ, ತಳಕ್ಕೊಂದು ನಟ್ಟು ಬಿಗಿದರು. ಆಮೇಲೆ ಒಬ್ಬ ಕೆಲಸಗಾರ ನನ್ನನ್ನು ಎರಡು ಸಲ ಮಡಚಿ ಬಿಚ್ಚಿ ನೋಡಿ, ಬೆನ್ನಿಗೆ ಚೀಟಿ ಅಂಟಿಸಿದ. ಕಡುನೀಲಿ ಬಣ್ಣ, ಮಕ್ಕಳ ಸೈಕಲ್ಲಿನಂಥ ಪುಟ್ಟ ಗಾಲಿಗಳು. ಓಟದ ಸೈಕಲ್ಲುಗಳು ಲಾರಿ ಏರಿ ಹೋಗುವಾಗ ನಾನು ಅವನ್ನೇ ನೋಡುತ್ತಿದ್ದೆ. ಅಂದು ಶುರುವಾದದ್ದು ಇನ್ನೂ ನಿಂತಿಲ್ಲ.

ನನ್ನನ್ನು ಕೊಂಡವಳು ಸುವಾರ್ತಾ. ಗದಗ-ಬೆಟಗೇರಿಯವಳು, ಹೆರಿಗೆ ನರ್ಸಿಂಗ್ ಕಲಿಯಲು ಮಿಶನ್ನಿನ ಕಡೆಯಿಂದ ಬಂದಿದ್ದಳು. ಅವಳ ಹಾಸ್ಟೆಲಿನ ಕೋಣೆ ಎಷ್ಟು ಚಿಕ್ಕದೆಂದರೆ, ಮಡಚಿ ಮಂಚದ ಕೆಳಗೆ ತಳ್ಳಬಹುದಾದ ಸೈಕಲ್ಲೇ ಬೇಕಾಗಿತ್ತು. ಸೀರೆಯ ನಿರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು, ಮೇಲೆ ದಪ್ಪ ಕೋಟು ಹಾಕಿಕೊಂಡು ಅವಳು ಸೈಕಲ್ ಕಲಿತಳು. ಕಲಿಯುವಾಗ ಬಹಳ ಬಿದ್ದಳು. ಪ್ರತಿ ಸಲ ಬಿದ್ದಾಗಲೂ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿ, ಮೊಣಕಾಲು ಒರೆಸಿಕೊಂಡು ಮತ್ತೆ ಏರುತ್ತಿದ್ದಳು. ಹಟಮಾರಿ ಹೆಂಗಸು. ಎರಡು ವರ್ಷ ಮುಗಿಸಿ ಊರಿಗೆ ಹೊರಟಾಗ ನನ್ನನ್ನೂ ಮಡಚಿ, ಹಳೆಯ ಕಂಬಳಿಯಲ್ಲಿ ಸುತ್ತಿ ಹಡಗಿಗೆ ಹಾಕಿದಳು.

ಮುಂಬಯಿಯಿಂದ ರೈಲು ಬದಲಿಸುತ್ತಾ ಗದಗ ಸ್ಟೇಶನ್ನಿಗೆ ಬಂದಿಳಿದಾಗ ಸುಡುಸುಡು ಬೇಸಿಗೆ. ಬೆಟಗೇರಿಯಲ್ಲಿ ಚರ್ಚಿನ ಹಿಂದಿನ ಓಣಿಯಲ್ಲಿ ಅವರ ಮನೆ. ಸುತ್ತ ನೇಕಾರರ ಮನೆಗಳು. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಅಂಗಳದಲ್ಲಿ ಸುವಾರ್ತಾ ಕಂಬಳಿ ತೆಗೆದು, ನನ್ನನ್ನು ಬಿಚ್ಚಿ ನಿಲ್ಲಿಸಿದಳು. ಓಣಿಗೆ ಓಣಿಯೇ ನೆರೆಯಿತು.

"ಯವ್ವಾ ಯವ್ವಾ, ಛತ್ರಿ ಮಡಚಿದಂಗ ಮಡಚ್ತೈತಲ್ಲ ಇದು!" ಎಂದು ಎದುರುಮನೆಯ ಅಜ್ಜಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಸುವಾರ್ತಾ ಮಡಚಿ ತೋರಿಸಿದಳು. ಮತ್ತೆ ಬಿಚ್ಚಿ ತೋರಿಸಿದಳು. ಎಲ್ಲರೂ ನನ್ನನ್ನು ಮುಟ್ಟಿ ನೋಡಿದರು. ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ಮಾತ್ರ ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡದೆ ಇದ್ದಳು. ನೋಡದೆ ಇರಲು ಎಷ್ಟು ಕಷ್ಟಪಡುತ್ತಿದ್ದಾಳೆಂಬುದು ಕೈಯಲ್ಲಿನ ಕಪ್ಪುಗಳ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಅವಳು ದೀನಾ, ಸುವಾರ್ತಾಳ ತಂಗಿ. ಆಗ ಅವಳಿಗೆ ಇಪ್ಪತ್ತು.

ಅವಳ ಕಥೆ ನನಗೆ ತಿಳಿದದ್ದು ಆಮೇಲೆ, ಮಾತಿನ ನಡುವೆ ಅಲ್ಲಿಷ್ಟು ಇಲ್ಲಿಷ್ಟು. ವಿಲಾಯತಿಗೆ ಅರ್ಜಿ ಹಾಕಿದವರು ಅಕ್ಕತಂಗಿ ಇಬ್ಬರೂ. ಮೊದಲು ದೊಡ್ಡವಳು, ಆಮೇಲೆ ಚಿಕ್ಕವಳು ಎಂದು ಮಾತಾಗಿತ್ತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ದೀನಾಗೆ. ಅಷ್ಟರಲ್ಲಿ ತಾಯಿಗೆ ಅರ್ಧಾಂಗವಾಯು ಹೊಡೆಯಿತು. ತಂದೆ ಮೊದಲೇ ಇರಲಿಲ್ಲ. ಒಬ್ಬರು ಮನೆಯಲ್ಲಿ ನಿಲ್ಲಲೇಬೇಕು. ದೊಡ್ಡವಳು ಹೋಗಿ ಬರಲಿ ಎಂದರು ಹಿರಿಯರು. ಆಕೆ ಬಂದ ಮೇಲೂ ಚಿಕ್ಕವಳ ಸರದಿ ಬರಲಿಲ್ಲ. ದಿನಕ್ಕೆರಡು ಸಲ ತಾಯಿಯ ಮಗ್ಗುಲು ಬದಲಿಸುವ ಕೈ ಅವಳದೇ ಆಗಿತ್ತು. ದೀನಾ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದಳು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ, ತಿರುಗುಮುರುಗಾಗಿ ಸಾಲು ಕಟ್ಟುವುದು. ಬೇರೆಯವರ ಮದುವೆ ಕರೆಯೋಲೆ, ಬೇರೆಯವರ ಪುಸ್ತಕ. ಸಂಜೆ ಮನೆಗೆ ಬಂದಾಗ ಅವಳ ಬೆರಳ ತುದಿಗಳು ಕರ್ರಗಿರುತ್ತಿದ್ದವು.

ಸುವಾರ್ತಾ ನನ್ನ ಮೇಲೆ ಕುಳಿತು ಹೆರಿಗೆಗಳಿಗೆ ಹೋಗತೊಡಗಿದಳು. ಹಿಂದಿನ ಕ್ಯಾರಿಯರಿಗೆ ಔಷಧದ ಪೆಟ್ಟಿಗೆ, ಸೀಟಿನ ಬೆನ್ನಿಗೆ ತೂಗುವ ಪುಟ್ಟ ಚರ್ಮದ ಚೀಲ. ಹೆಂಗಸು ಸೈಕಲ್ ಹೊಡೆಯುವುದನ್ನು ನೋಡಲು ಜನ ಕಟ್ಟೆಯ ಮೇಲೆ ಎದ್ದು ನಿಲ್ಲುತ್ತಿದ್ದರು. ನನಗೆ ಹೆಮ್ಮೆ. ಊರಿನಲ್ಲಿ ನನ್ನಂಥದ್ದು ಇನ್ನೊಂದಿರಲಿಲ್ಲ, ಹಾಗಾಗಿ ಹೊಟ್ಟೆಕಿಚ್ಚು ಪಡಲು ಯಾರೂ ಇರಲಿಲ್ಲ. ನನ್ನ ಬಾಳಿನ ನೆಮ್ಮದಿಯ ಕಾಲವೆಂದರೆ ಆ ಕೆಲವೇ ತಿಂಗಳು.

ಒಂದು ಮಧ್ಯಾಹ್ನ ಸುವಾರ್ತಾ ದಣಿದು ಒಳಗೆ ಮಲಗಿದ್ದಳು. ಊಟಕ್ಕೆಂದು ಅಚ್ಚುಕೂಟದಿಂದ ಬಂದ ದೀನಾ ಪಡಸಾಲೆಯಲ್ಲಿ ನನ್ನ ಮುಂದೆ ನಿಂತಳು. ಮೊದಲ ಸಲ ಕಣ್ಣಿಟ್ಟು ನೋಡಿದಳು. ಸೀಟಿನ ಮೇಲೆ ಅಂಗೈ ಇಟ್ಟಳು. ಆಮೇಲೆ ಸದ್ದಾಗದಂತೆ ಎತ್ತಿ ಹೊಸ್ತಿಲು ದಾಟಿಸಿ, ಚರ್ಚಿನ ಹಿಂದಿನ ಬಯಲಿಗೆ ನಡೆಸಿಕೊಂಡು ಹೋದಳು.

ನಾನು ಬೀಳಲು ತಯಾರಾಗಿದ್ದೆ. ಕಲಿಯುವವರ ಬವಣೆ ನನಗೆ ಗೊತ್ತಿತ್ತು. ದೀನಾ ಬೀಳಲಿಲ್ಲ. ಒಂದು ಕಾಲು ಪೆಡಲಿನ ಮೇಲಿಟ್ಟು, ಇನ್ನೊಂದರಿಂದ ನೆಲವನ್ನು ನಾಲ್ಕು ಸಲ ಒದ್ದು, ಐದನೆಯ ಸಲಕ್ಕೆ ಕುಳಿತೇಬಿಟ್ಟಳು. ಬೇವಿನ ಮರವನ್ನು ಸುತ್ತಿಕೊಂಡು ಒಂದು ಸುತ್ತು, ಎರಡು ಸುತ್ತು. ಸುವಾರ್ತಾ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಎಲ್ಲಿಗೆ ಹೋಗಬೇಕೆಂದು ಹೇಳುತ್ತಿದ್ದಳು. ದೀನಾ ಬರೀ ಮೈ ವಾಲಿಸುತ್ತಿದ್ದಳು, ನಾನು ತಿರುಗುತ್ತಿದ್ದೆ. ಹೀಗೂ ಸವಾರಿ ಮಾಡಬಹುದೆಂದು ನನಗೇ ಗೊತ್ತಿರಲಿಲ್ಲ. ಆ ಮಳೆಗಾಲ ಕಳೆದು ಚಳಿ ಬರುವವರೆಗೆ, ವಾರಕ್ಕೆ ಎರಡು ಮೂರು ಮಧ್ಯಾಹ್ನ, ಹೀಗೇ ನಡೆಯಿತು. ಉಳಿದ ದಿನಗಳಲ್ಲಿ ಸುವಾರ್ತಾ ನನ್ನನ್ನು ಏರಿದಾಗ ನಾನು ಒಳಗೊಳಗೇ ಮುಖ ತಿರುಗಿಸುತ್ತಿದ್ದೆ.

ಕ್ರಿಸ್‌ಮಸ್ ಬಂತು. ಮನೆಯ ತುಂಬ ಜನ, ಕರ್ಜಿಕಾಯಿ, ಹಾಡು. ಎಲ್ಲರ ನಡುವೆ ಸುವಾರ್ತಾ ನಗುತ್ತಾ ನನ್ನ ಹ್ಯಾಂಡಲ್ ಹಿಡಿದು ತಂಗಿಯ ಮುಂದೆ ತಂದು ನಿಲ್ಲಿಸಿದಳು.

"ಏ ದೀನಾ, ಮಧ್ಯಾಹ್ನ ಕದ್ದು ಕದ್ದು ಯಾಕ ಹೊಡೀತಿ? ಕೇಳಿದ್ರ ನಾ ಕೊಡೂದಿಲ್ಲೇನು? ತಗೋ, ಇನ್ನ ಮ್ಯಾಲ ಐತವಾರಕ್ಕೊಮ್ಮೆ ನಿನಗ."

ಜನ ನಕ್ಕರು. "ಅಕ್ಕ ಅಂದ್ರ ಹಿಂಗಿರಬೇಕು ನೋಡ್ರಿ" ಎಂದರು ಯಾರೋ. ದೀನಾಳ ಮುಖ ಮೊದಲು ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು.

"ನನಗ ನಿನ್ನ ಸೈಕಲ್ ಬ್ಯಾಡ" ಎಂದು ಒಳಗೆ ಹೋದಳು. ಆಮೇಲೆ ಬಹಳ ವರ್ಷ ಅವಳು ನನ್ನನ್ನು ಮುಟ್ಟಲಿಲ್ಲ. ಮುಟ್ಟಿದ್ದು ಒಂದೇ ಸಲ.

ಅದು ಜನವರಿಯ ಒಂದು ಮಧ್ಯಾಹ್ನ. ಅಚ್ಚುಕೂಟದಿಂದ ಬಂದವಳ ಸೆರಗಿನಲ್ಲಿ ಏನೋ ಭಾರವಿತ್ತು. ಮೊಣಕಾಲೂರಿ ನನ್ನ ಕೆಳಗೆ ಬಗ್ಗಿದಳು. ನಟ್ಟು ಬಿಚ್ಚುವ ಪಾನಾ ತೆಗೆದು ಕೀಲಿನ ತಳದ ನಟ್ಟಿಗೆ ಸಿಕ್ಕಿಸಿದಳು. ಅದು ಸರಿಯಾದ ಅಳತೆಯದಲ್ಲ, ಜಾರಿತು. ಮತ್ತೆ ಸಿಕ್ಕಿಸಿದಳು, ಮತ್ತೆ ಜಾರಿತು. ನಟ್ಟಿನ ಮೂಲೆಗಳು ಸವೆದವು. ಕೊನೆಗೆ ನಟ್ಟು ಸಡಿಲವಾಗಿ ಕಡೆಯ ಎರಡು ಸುತ್ತಿಗೆ ಬಂದು ನಿಂತಿತು. ದೀನಾ ಎದ್ದು ಕೈ ತೊಳೆದುಕೊಂಡು, ತಾಯಿಗೆ ಗಂಜಿ ಕುಡಿಸಿ, ಕೆಲಸಕ್ಕೆ ಹೋದಳು. ಅವಳ ಬೆರಳು ಮತ್ತೆ ನನ್ನ ಮೈಗೆ ಬಂದವಲ್ಲ ಎಂದು ನನಗೆ ಖುಷಿಯಾಗಿತ್ತು. ಏಕೆ ಬಂದವೆಂದು ಯೋಚಿಸಲಿಲ್ಲ.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ, ನೇಕಾರರ ಮನೆಯೊಂದಕ್ಕೆ ಹೆರಿಗೆಗೆಂದು ಹೊರಟ ಸುವಾರ್ತಾ ಇಳಿಜಾರಿನಲ್ಲಿ ಬ್ರೇಕು ಹಿಡಿದಳು. ನಟ್ಟು ಕಳಚಿತು, ಅಚ್ಚು ಮೇಲೆದ್ದಿತು, ನಾನು ನಡುವಿಗೆ ಮುರಿದುಕೊಂಡೆ. ಅವಳು ಮುಂದಕ್ಕೆ ಹಾರಿ, ಎಡಗೈ ಊರಿ ಕಲ್ಲಿನ ಮೇಲೆ ಬಿದ್ದಳು.

ಹೆರಿಗೆಯೇನೋ ಸೂಲಗಿತ್ತಿಯ ಕೈಯಲ್ಲಿ ಸುಸೂತ್ರವಾಗಿ ಆಯಿತು. ಸುವಾರ್ತಾಳ ಮಣಿಕಟ್ಟು ಮಾತ್ರ ಎರಡು ಕಡೆ ಮುರಿದಿತ್ತು. ಕೂಡಿಕೊಂಡಾಗ ಸೊಟ್ಟಗೆ ಕೂಡಿತು. ಅಂಗೈ ಪೂರ್ತಿ ಮೇಲೆ ತಿರುಗದು, ಬೆರಳು ಬಿಗಿ ಹಿಡಿಯವು. ಮಗುವನ್ನು ಹಿಡಿಯಲು ಎರಡೂ ಕೈ ಬೇಕು. ಸಮುದ್ರ ದಾಟಿ ಕಲಿತು ಬಂದ ಕೆಲಸ ವರ್ಷ ತುಂಬುವ ಮೊದಲೇ ಮುಗಿಯಿತು. ಅವಳನ್ನು ಔಷಧದ ಕಪಾಟು ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು.

ಊರೆಲ್ಲ ನನ್ನನ್ನು ಬೈಯಿತು. "ನಡುವಿಗೆ ಕಟ್ ಮಾಡಿದ್ದು ಎಷ್ಟು ದಿನ ತಡದೀತು?" ಎಂದರು. ನಟ್ಟು, ಅಚ್ಚು ಎರಡನ್ನೂ ಬೀದಿಯಲ್ಲಿ ಆರಿಸಿ ನನ್ನ ಚರ್ಮದ ಚೀಲಕ್ಕೆ ಹಾಕಿದರು. ನನ್ನ ಎರಡು ಹೋಳನ್ನು ಹಗ್ಗದಿಂದ ಕಟ್ಟಿ ಅಟ್ಟಕ್ಕೆ ಎಸೆದರು. ತಪ್ಪು ನನ್ನದಲ್ಲವೆಂದು ಗೊತ್ತಿದ್ದವಳು ಒಬ್ಬಳೇ. ಅವಳು ಬಾಯಿ ಬಿಡಲಿಲ್ಲ.

ಅಟ್ಟದಲ್ಲಿ ನಲವತ್ತೆರಡು ವರ್ಷ ಕಳೆದೆ.

ಹಲಗೆಗಳ ನಡುವಿನ ಸಂದಿನಲ್ಲಿ ನಡುಮನೆ ಕಾಣುತ್ತಿತ್ತು. ತಾಯಿ ತೀರಿಕೊಂಡಳು. ಅಕ್ಕತಂಗಿಯರಿಬ್ಬರೂ ಮದುವೆಯಾಗಲಿಲ್ಲ. ಸುವಾರ್ತಾಳ ಜಡೆ ಮೊಣಕಾಲಿಗೆ ಬರುವಷ್ಟು ಉದ್ದ. ಸೊಟ್ಟ ಕೈಯಿಂದ ಅದನ್ನು ಹೆಣೆದುಕೊಳ್ಳಲು ಆಗದು. ದಿನಾ ಬೆಳಿಗ್ಗೆ ದೀನಾ ಬಾಚಣಿಗೆ ಹಿಡಿದು ಅಕ್ಕನ ಹಿಂದೆ ಕೂರುತ್ತಿದ್ದಳು. ಸಿಕ್ಕು ಬಿಡಿಸಿ, ಎಣ್ಣೆ ಹಚ್ಚಿ, ಮೂರು ಕಾಲು ಮಾಡಿ ಹೆಣೆಯುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ, ಜ್ವರ ಬಂದಾಗಲೂ. ಆ ಬಾಚಣಿಗೆಯನ್ನು ಕಂಡರೆ ನನಗಾಗುತ್ತಿರಲಿಲ್ಲ. ನನ್ನ ಮೈ ತುಕ್ಕಿನಲ್ಲಿ ಕರಗುತ್ತಿರುವಾಗ ಅದಕ್ಕೆ ಮಾತ್ರ ದಿನಾ ದೀನಾಳ ಕೈ!

ಆದರೆ ದೀನಾಳ ಒಳಗಿದ್ದ ಕಿಚ್ಚೂ ಆರಿರಲಿಲ್ಲ. ಯಾವಳೋ ಬಂದು "ಸುವಾರ್ತಕ್ಕಾರ, ನನ್ನ ಮಗಾ ನಿಮ್ಮ ಕೈಯಾಗ ಹುಟ್ಟಿದಂವ, ಈಗ ಮಾಸ್ತರಾಗ್ಯಾನ" ಎಂದಾಗ, ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ಅಕ್ಕನ ಕೈ ಮುರಿದವಳು ತಾನೇ. ಆ ಕೈಗಾಗಿ ಜನ ಮರುಗಿದರೆ ಅದಕ್ಕೂ ಅವಳಿಗೆ ಸಂಕಟ. ಇಂಥದ್ದನ್ನು ನಾನು ಬೇರೆ ಯಾರಲ್ಲಿ ಕಂಡಿದ್ದರೂ ಛೀ ಎನ್ನುತ್ತಿದ್ದೆ. ಅವಳಲ್ಲಿ ಕಂಡಾಗ ನನಗೆ ಅರ್ಥವಾಗುತ್ತಿತ್ತು.

ಅಚ್ಚುಕೂಟಗಳಿಗೆ ಕಂಪ್ಯೂಟರ್ ಬಂದು ಮೊಳೆ ಜೋಡಿಸುವವರು ಬೇಡವಾದರು. ದೀನಾ ಮನೆಯಲ್ಲಿ ಕುಳಿತಳು. ಸುವಾರ್ತಾಳೂ ನಿವೃತ್ತಳಾದಳು. ಹೀಗಿರುವಾಗ ಎರಡು ಸಾವಿರದ ಹನ್ನೆರಡರಲ್ಲಿ ಟಾಂಗಾ ಕೂಟದ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಮಕ್ತುಮ್‌ಸಾಬರು ಮನೆಗೆ ಬಂದರು. ಹಳೆಯ ವಿಲಾಯತಿ ಸೈಕಲ್ಲುಗಳನ್ನು ಹುಡುಕಿ, ಮೊದಲಿನ ಹಾಗೆ ಮಾಡಿ ನಿಲ್ಲಿಸುವುದು ಅವರಿಗೆ ಹುಚ್ಚು. ಜೊತೆಗೆ ಮಗಳು ತಾಹಿರಾ, ನರ್ಸಿಂಗ್ ಓದುತ್ತಿದ್ದವಳು.

"ಅಕ್ಕಾರ, ನಿಮ್ಮ ಕಡೆ ಒಂದು ಮಡಚು ಸೈಕಲ್ ಇತ್ತಂತಲ್ರಿ? ನಮ್ಮಪ್ಪ ಹೇಳ್ತಿದ್ರು" ಎಂದರು ಸಾಬರು.

"ಐತಿ, ಅಟ್ಟದಾಗ" ಎಂದಳು ಸುವಾರ್ತಾ. ತಾಹಿರಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀ ನರ್ಸ್ ಆಗಾಕಿ ಏನವಾ? ತಗೊಂಡು ಹೋಗು. ಸುದ್ದ ಮಾಡಿಸ್ಕೊಂಡು ನೀನ ಹೊಡಿ. ಇಲ್ಲಿ ಅದು ಯಾರಿಗೂ ಬೇಕಾಗಿಲ್ಲ."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ದೀನಾಳ ಮುಖವನ್ನು ನಾನು ಅಟ್ಟದ ಸಂದಿನಿಂದ ನೋಡಿದೆ. ಅರವತ್ತಮೂರು ವರ್ಷದ ಆ ಮುಖದಲ್ಲಿ, ಚಹದ ತಟ್ಟೆ ಹಿಡಿದಿದ್ದ ಹುಡುಗಿ ಹಾಗೇ ಇದ್ದಳು.

ಮಕ್ತುಮ್‌ಸಾಬರ ಅಂಗಡಿಯಲ್ಲಿ ನನಗಿಂತ ಮೊದಲೇ ಒಂದು ಸೈಕಲ್ಲು ಬಂದು ಕುಳಿತಿತ್ತು. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿದ್ದಂತೆ. ಕೆನೆಬಣ್ಣ, ಬಳುಕುವ ಚೌಕಟ್ಟು, ಮುಂದೆ ಬೆತ್ತದ ಬುಟ್ಟಿ. ಇಂಗ್ಲೆಂಡಿನ ಹೆಂಗಸರು ಸಂತೆಗೆ ಹೋಗಿ ಬರಲೆಂದು ಮಾಡಿದ್ದು. ಅದಕ್ಕೆ ಶಾಪರ್ ಎಂದು ಹೆಸರು. ಗಾಲಿ ನನ್ನದೇ ಅಳತೆಯವು, ವಯಸ್ಸೂ ಹೆಚ್ಚುಕಡಿಮೆ ನನ್ನದೇ. ಆದರೆ ಅದರ ನಡುವಿಗೆ ಕೀಲಿರಲಿಲ್ಲ. ಯಾರೂ ಅದನ್ನು ಕತ್ತರಿಸಿರಲಿಲ್ಲ, ಯಾರೂ ಅದನ್ನು ಬೈದಿರಲಿಲ್ಲ. ನನ್ನನ್ನು ಗೋಡೆಯ ಮೊಳೆಗೆ ನೇತುಹಾಕಿ, ಸಾಬರು ಅದರ ಗಾಲಿಯನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದರು.

ಮೂರನೆಯ ದಿನ ದೀನಾ ಅಂಗಡಿಗೆ ಬಂದಳು. "ಸುಮ್ಮನ ನೋಡಾಕ ಬಂದೆ" ಎಂದಳು. ನಾಲ್ಕನೆಯ ದಿನವೂ ಬಂದಳು. ಐದನೆಯ ದಿನ ಸಾಬರು ಅವಳ ಕೈಗೆ ಚಿಂದಿಬಟ್ಟೆ ಕೊಟ್ಟು, "ಕುಂತ ಕುಂತಲ್ಲೇ ಇದನ್ನಾರ ಉಜ್ಜರಿ ಬಾಯಾರ" ಎಂದರು. ಅವಳಿಗೆ ಉಜ್ಜಲು ಸಿಕ್ಕಿದ್ದು ಶಾಪರಿನ ಹ್ಯಾಂಡಲ್! ನಲವತ್ತೆರಡು ವರ್ಷ ಕಾದಿದ್ದೆ. ಆ ಬೆರಳುಗಳು ಮೊದಲು ಮುಟ್ಟಿದ್ದು ಅದನ್ನು. ಅವಳು ಉಜ್ಜಿದಂತೆ ಅದು ಹೊಳೆಯಿತು. ನಾನು ಮೊಳೆಯ ಮೇಲೆ ನೇತಾಡುತ್ತಾ ನೋಡಿದೆ.

ಕೊನೆಗೆ ನನ್ನ ಸರದಿ ಬಂತು. ಸೀಟಿನ ಕೊಳವೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಕಾಯಿಸಿ, ಎರಡು ದಿನ ಗುದ್ದಾಡಿ ತೆಗೆದರು. ಮಕ್ಕಳ ಸೈಕಲ್ಲಿನ ಟೈರು ಕೂರುತ್ತದೆಂದುಕೊಂಡರೆ, ನನ್ನ ಗಾಲಿ ಕೂದಲೆಳೆಯಷ್ಟು ದೊಡ್ಡದು, ಪುಣೆಯಿಂದ ತರಿಸಬೇಕಾಯಿತು. ದೀನಾ ನನ್ನ ಮೈಯ ತುಕ್ಕನ್ನು ಇಂಚಿಂಚಾಗಿ ಉಜ್ಜಿದಳು. ಒಳಗಿನಿಂದ ಕಡುನೀಲಿ ಎದ್ದು ಬಂತು. ಕೀಲಿನ ಹತ್ತಿರ ಬಂದಾಗ ಮಾತ್ರ ಅವಳ ಕೈ ಸುತ್ತು ಹಾಕಿಕೊಂಡು ಆಚೆ ಹೋಗುತ್ತಿತ್ತು.

ಅಲ್ಲಿ ಕೈ ಹಾಕಿದವರು ಮಕ್ತುಮ್‌ಸಾಬರು. ಚರ್ಮದ ಚೀಲದಿಂದ ನಟ್ಟು, ಅಚ್ಚು ತೆಗೆದು ಬೆಳಕಿಗೆ ಹಿಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ತಾಹಿರಾ, ಇಲ್ಲಿ ಬಾ. ಇದು ತಾನ ಮುರದಿದ್ದಲ್ಲ. ನೋಡು, ಅಚ್ಚು ಗಟ್ಟಿ ಐತಿ, ಒಳಗಿನ ತಿರುಪಿನ ಗೆರಿ ಎಲ್ಲಾ ಚಂದ ಅದಾವ. ನಟ್ಟಿನ ಮೂಲಿ ಅಷ್ಟ ಸವದಾವ. ವಿಲಾಯತಿ ನಟ್ಟಿಗೆ ಬ್ಯಾರೆ ಅಳತಿ ಪಾನಾ ಹಾಕಿ ಯಾರೋ ಬಿಚ್ಚ್ಯಾರ."

"ಯಾರು ಬಿಚ್ಚಿರಬೇಕು ಅಬ್ಬಾ?"

ಸಾಬರು ತಲೆಯೆತ್ತಿದರು. ದೀನಾಳ ಕೈಯಲ್ಲಿದ್ದ ಉಜ್ಜುಕಾಗದ ನಿಂತುಹೋಗಿತ್ತು. ಅವರು ಒಂದು ಕ್ಷಣ ಅವಳನ್ನು ನೋಡಿ, ಕಣ್ಣು ಕೆಳಗಿಳಿಸಿ, "ಯಾರಿಗೊತ್ತು ಬಿಡು, ಹಳೀ ಮಾತು" ಎಂದು ನಟ್ಟನ್ನು ಡಬ್ಬಿಗೆ ಹಾಕಿದರು.

ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಎರಡು ದಿನಕ್ಕೆ ಸುವಾರ್ತಾಳೇ ಆಟೋದಲ್ಲಿ ಬಂದಿಳಿದಳು, ಕೆಲಸ ಎಲ್ಲಿಗೆ ಬಂತು ನೋಡಲು. ಬೆನ್ನ ಮೇಲೆ ದೀನಾ ಬೆಳಿಗ್ಗೆ ಹೆಣೆದಿದ್ದ ಬಿಳಿಯ ಜಡೆ. ತಾಹಿರಾ ಸಂಭ್ರಮದಿಂದ, "ಆಂಟಿ, ಗೊತ್ತೇನ್ರಿ? ನಿಮ್ಮ ಸೈಕಲ್ ತಾನ ಮುರದಿರಲಿಲ್ಲಂತ..." ಎಂದು ಶುರು ಮಾಡಿದಳು.

"ತಾಹಿರಾ!" ಎಂದರು ಸಾಬರು.

"ಇರಲಿ, ನಾನ ಹೇಳ್ತೀನಿ" ಎಂದಳು ದೀನಾ. ಎದ್ದು ನಿಂತಳು. ಕೈಗಳು ಎಣ್ಣೆ, ತುಕ್ಕು. "ಅಕ್ಕಾ, ನಾ ಬಿಚ್ಚಿದ್ದೆ."

ಸುವಾರ್ತಾಗೆ ಅರ್ಥವಾಗಲಿಲ್ಲ. "ಏನ ಬಿಚ್ಚಿದ್ದಿ?"

"ಕೀಲಿನ ನಟ್ಟು. ನೀ ಬೀಳೂ ಹಿಂದಿನ ದಿನ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು.

"ಯಾವ ಪಾನಾದಿಂದ?" ಎಂದು ಕೇಳಿದಳು ಸುವಾರ್ತಾ. ಅಂಥ ಹೊತ್ತಿನಲ್ಲಿ ಯಾಕೆ ಅದನ್ನೇ ಕೇಳಿದಳೋ.

"ಪ್ರೆಸ್ಸಿನ ಪಾನಾ. ಜರ್ಮನ್ ಮಷೀನಿಂದು."

"ನಾ ಬೀಳ್ಲಿ ಅಂತನ?"

ದೀನಾ ತುಟಿ ಒದ್ದೆ ಮಾಡಿಕೊಂಡಳು. ಇಲ್ಲ, ಸೈಕಲ್ ಕೆಟ್ಟು ನಿಲ್ಲಲಿ ಅಂತ ಅಷ್ಟೇ, ಎನ್ನಬಹುದಿತ್ತು. ಅಷ್ಟು ವರ್ಷ ತನಗೆ ತಾನು ಹೇಳಿಕೊಂಡದ್ದು ಅದನ್ನೇ ಇರಬೇಕು. "ಹೌದು" ಎಂದಳು. "ಆವತ್ತು ಬೀಳ್ಲಿ ಅಂತನ ಅನಿಸಿತ್ತು. ಎಲ್ಲಾರ ಮುಂದ. ಕೈ ಮುರೀಲಿ ಅಂತ ಅಲ್ಲ ಅಕ್ಕಾ, ದೇವರಾಣಿ ಅಲ್ಲ."

ಸುವಾರ್ತಾ ತನ್ನ ಸೊಟ್ಟ ಮಣಿಕಟ್ಟನ್ನು, ಈಗಷ್ಟೇ ನೋಡುತ್ತಿರುವ ಹಾಗೆ, ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊರಗೆ ನಡೆದು ಆಟೋ ಹತ್ತಿದಳು. ತಂಗಿಯನ್ನು ಕರೆಯಲಿಲ್ಲ.

ಮರುದಿನ ದೀನಾ ಬಂದಾಗ ಕಣ್ಣು ಊದಿದ್ದವು. "ಮುಂಜಾನೆ ಬಾಚಣಿಕಿ ತಗೊಂಡು ಹೋದೆ ಸಾಬರ. ಕೈ ಸರಿಸಿದ್ಲು. ಆಮ್ಯಾಲ ಕತ್ತರಿ ತಗೊಂಡು ತಾನ ಕತ್ತರಿಸ್ಕೊಂಡ್ಲು, ಒಂದ ಕೈಲೆ. ಜಡಿ ನೆಲದ ಮ್ಯಾಲೆ ಬಿದ್ದೈತಿ. ನನಗ ಮುಟ್ಟಾಕ ಧೈರ್ಯ ಆಗವಲ್ದು."

ಸಾಬರು ಚಹಾ ತರಿಸಿದರು. ದೀನಾ ನನ್ನ ಕೀಲನ್ನು ಎಳೆದುಕೊಂಡು ಉಜ್ಜತೊಡಗಿದಳು, ಈಗ ಸುತ್ತು ಹಾಕದೆ. ದಿನಾ ಬಂದಳು. ಮನೆಯಲ್ಲಿ ಮಾತಿಲ್ಲ, ಒಬ್ಬರ ಅಡಿಗೆ ಒಬ್ಬರು ಉಣ್ಣುವುದಿಲ್ಲ. ಹದಿನೇಳು ದಿನ ಹೀಗಾಯಿತು.

ಹದಿನೆಂಟನೆಯ ದಿನ ನಾನು ತಯಾರಾಗಿ ಅಂಗಡಿಯ ಮುಂದೆ ನಿಂತಿದ್ದೆ. ಹೊಸ ಟೈರು, ಹೊಸ ಕೇಬಲ್ಲು, ಸರಿಯಾದ ಅಳತೆಯ ಹೊಸ ನಟ್ಟು. ಪಕ್ಕದಲ್ಲಿ ಶಾಪರ್. ಸುವಾರ್ತಾ ಬಂದಳು. ಕತ್ತರಿಸಿದ ಬಿಳಿಯ ಕೂದಲು ಕಿವಿಯ ಹತ್ತಿರ ಅಂಕುಡೊಂಕಾಗಿ ನಿಂತಿತ್ತು. ನನ್ನ ಬೆಲ್ಲು ಬಾರಿಸಿ ನೋಡಿದಳು. ಆಮೇಲೆ, ದೀನಾಳ ಕಡೆ ತಿರುಗದೆ, ನನ್ನ ಸೀಟಿಗೆ ಹೇಳುವಂತೆ ಹೇಳಿದಳು.

"ಚರ್ಚ್ ಹಿಂದ ನೀ ಹೊಡ್ಯೂದನ್ನ ನಾ ಕಿಟಕ್ಯಾಗಿಂದ ನೋಡ್ತಿದ್ದೆ. ಮೊದಲನೇ ದಿನದಿಂದ. ನಾ ವಿಲಾಯತಿಯಾಗ ಬಿದ್ದು ಬಿದ್ದು ಮೊಣಕಾಲ ಸುಲಕೊಂಡು ಕಲತೆ. ನೀ ಒಂದ ದಿನಾನೂ ಬೀಳಲಿಲ್ಲ. ಮಾರ್ಕ್ಸ್‌ನಾಗೂ ಮುಂದ, ಇದರಾಗೂ ಮುಂದ. ನನಗ ತಡಕೊಳ್ಳಾಕ ಆಗಲಿಲ್ಲ. ಅದಕ್ಕ ಆ ಕ್ರಿಸ್‌ಮಸ್‌ಗೆ ಎಲ್ಲಾರ ಮುಂದ ಹಂಗಂದೆ. ನೀ ಕದ್ದಾಕಿ ಅಂತ ಗೊತ್ತಾಗ್ಲಿ ಅಂತನ ಅಂದೆ."

ದೀನಾ ಅಳುತ್ತಾ, "ಹಂಗಾದ್ರ ಇಬ್ಬರದೂ..." ಎಂದಳು.

"ಇಬ್ಬರದೂ ಅನಬ್ಯಾಡ." ಸುವಾರ್ತಾ ಥಟ್ಟನೆ ತಿರುಗಿದಳು. "ನನ್ನದು ಒಂದು ಮಾತು. ನೀ ಮುರದಿದ್ದು ನನ್ನ ಕೈ. ಎರಡೂ ಒಂದ ತಕ್ಕಡ್ಯಾಗ ಇಡಬ್ಯಾಡ."

"ಇಲ್ಲ ಅಕ್ಕಾ."

"ಮಾಫ್ ಮಾಡೀನಿ ಅಂತ ನಾ ಇವತ್ತ ಹೇಳಂಗಿಲ್ಲ. ನಾಳೆ ಹೇಳ್ತೀನೋ ಇಲ್ಲೋ ಅದೂ ಗೊತ್ತಿಲ್ಲ." ಹೊರಡಲು ತಿರುಗಿ, "ಮನಿಗೆ ಬಂದು ಚಾ ಮಾಡು. ಹದಿನೇಳು ದಿನ ಆತು, ನನ್ನ ಕೈಯ ನೀರಿನಂಥಾ ಚಾ ಕುಡದು ಕುಡದು ಬಾಯಿ ಸತ್ತೈತಿ" ಎಂದಳು.

ಜನವರಿ ಇಪ್ಪತ್ತಾರರ ರಜೆಗೆ ಸಾಬರು ಹಳೆಯ ಸೈಕಲ್ಲುಗಳ ಸವಾರಿ ಇಟ್ಟುಕೊಂಡಿದ್ದರು, ಗದಗಿನಿಂದ ಲಕ್ಕುಂಡಿಯವರೆಗೆ. ಹುಬ್ಬಳ್ಳಿ, ಧಾರವಾಡದಿಂದಲೂ ಹತ್ತಿಪ್ಪತ್ತು ಜನ ಬಂದಿದ್ದರು. ನನ್ನ ಮೇಲೆ ತಾಹಿರಾ. ಶಾಪರನ್ನು ಸಾಬರೇ ಹೊಡೆಯಬೇಕಾಗಿತ್ತು, ಆದರೆ ಅವರ ಮೊಣಕಾಲು ಹಿಡಿದುಕೊಂಡಿತ್ತು.

"ಬಾಯಾರ, ನೀವ ಹತ್ತರಿ" ಎಂದರು.

"ನಾ? ಈ ವಯಸ್ಸಿನ್ಯಾಗ? ಮರತೀನ್ರಿ ಎಲ್ಲಾ."

ಆಟೋದಲ್ಲಿ ಕುಳಿತಿದ್ದ ಸುವಾರ್ತಾ ತಲೆ ಹೊರಹಾಕಿ, "ಸುಳ್ಳ ಹೇಳ್ತಾಳ. ಆಕಿ ಮರ್ಯಾಂಗಿಲ್ಲ" ಎಂದಳು.

ದೀನಾ ಶಾಪರ್ ಹತ್ತಿದಳು. ಮೊದಲ ಹತ್ತು ಮಾರು ಅಲುಗಾಡಿದಳು. ಆಮೇಲೆ ಬೆನ್ನು ನೆಟ್ಟಗಾಯಿತು. ಎರಡೂ ಬದಿ ಜೋಳದ ಹೊಲ, ಬೆಳಗಿನ ಎಳೆಬಿಸಿಲು, ಲಕ್ಕುಂಡಿಯ ದಾರಿಯುದ್ದಕ್ಕೂ ನನ್ನ ಮುಂದೆ ಅವಳ ಬೆನ್ನು. ತಿರುವಿನಲ್ಲಿ ಹ್ಯಾಂಡಲ್ ಹಿಡಿದೂ ಹಿಡಿಯದಂತೆ ಮೈ ವಾಲಿಸುತ್ತಿದ್ದಳು. ಆ ಕೆನೆಬಣ್ಣದ ಸೊಕ್ಕಿನದು ಸುಮ್ಮನೆ ತಿರುಗುತ್ತಿತ್ತು, ತನಗೇನು ಸಿಕ್ಕಿದೆಯೆಂದು ಅದಕ್ಕೆ ಗೊತ್ತೂ ಇರಲಿಲ್ಲ. ನನ್ನ ಮೇಲಿದ್ದ ತಾಹಿರಾ ಒಳ್ಳೆಯ ಹುಡುಗಿ. ಅಂದು ಅವಳಿಗೆ ನನ್ನಿಂದ ಬಹಳ ತೊಂದರೆಯಾಯಿತು. ಎರಡು ಸಲ ಚೈನು ಕಳಚಿಸಿಕೊಂಡೆ.

ಲಕ್ಕುಂಡಿಯಲ್ಲಿ ಎಳನೀರು ಕುಡಿಯುವಾಗ ದೀನಾ ಸಾಬರಿಗೆ ಹೇಳಿದಳು: "ಈ ಸೈಕಲ್ ನಾ ತಗೋತೀನ್ರಿ."

"ನೀಲೀದು ಬ್ಯಾಡೇನ್ರಿ? ತಾಹಿರಾ ಬಿಟ್ಟುಕೊಡ್ತಾಳ. ಅದಕ್ಕ ಅಷ್ಟು ಕೈ ಸವಸೀರಿ."

ದೀನಾ ನನ್ನ ಕಡೆ ನೋಡಿದಳು. ಪ್ರೀತಿಯಿಂದಲೇ ನೋಡಿದಳು, ಅದು ಇನ್ನೂ ಕಷ್ಟ. "ಅದು ಅಕ್ಕಂದು ಸಾಬರ. ಎಷ್ಟು ಉಜ್ಜಿದ್ರೂ ಅಕ್ಕಂದ. ಇದು ಯಾರದೂ ಅಲ್ಲ."

ಅಂದು ನನಗೆ ಆದ ಸಂಕಟವನ್ನು ಹೇಳಲಾರೆ. ತಾಹಿರಾ ನನ್ನನ್ನು ಮೂರು ವರ್ಷ ಕಾಲೇಜಿಗೆ ಹೊಡೆದಳು, ಚೆನ್ನಾಗಿಯೇ ನೋಡಿಕೊಂಡಳು. ದಾರಿಯಲ್ಲಿ ಎಲ್ಲಾದರೂ ಬೆತ್ತದ ಬುಟ್ಟಿ ಕಂಡರೆ ನನ್ನ ಗಾಲಿ ಆ ಕಡೆ ಎಳೆಯುತ್ತಿತ್ತು. ಮದುವೆಯಾಗಿ ಕೊಪ್ಪಳಕ್ಕೆ ಹೊರಟಾಗ ಅವಳು ನನ್ನನ್ನು ತಂದು ಸುವಾರ್ತಾಳ ಪಡಸಾಲೆಯಲ್ಲಿ ನಿಲ್ಲಿಸಿ, "ಇದು ಇಲ್ಲೇ ಇರಲಿ ಆಂಟಿ" ಎಂದು ಹೋದಳು.

ಈಗ ನಾನು ಇಲ್ಲೇ ಇದ್ದೇನೆ, ಗೋಡೆಗೆ ಒರಗಿ. ನನ್ನನ್ನು ಯಾರೂ ಹೊಡೆಯುವುದಿಲ್ಲ. ಸುವಾರ್ತಾ ಕುರ್ಚಿ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂರುತ್ತಾಳೆ. ಒಮ್ಮೊಮ್ಮೆ ಸೊಟ್ಟ ಕೈಯನ್ನು ನನ್ನ ಸೀಟಿನ ಮೇಲೆ ಇಡುತ್ತಾಳೆ, ಅಲ್ಲಿ ಅದಕ್ಕೆ ಆರಾಮ. ಕೂದಲನ್ನು ಮತ್ತೆ ಬೆಳೆಸಲಿಲ್ಲ. ಮಾಫ್ ಮಾಡಿದೆ ಎಂದು ಅವಳು ಹೇಳಿದ್ದನ್ನು ನಾನು ಕೇಳಿಲ್ಲ. ಚಹಾ ಮಾತ್ರ ಎರಡೂ ಹೊತ್ತು ದೀನಾಳ ಕೈಯದೇ ಆಗಬೇಕು.

ಬೆಳಿಗ್ಗೆ ಎಂಟಕ್ಕೆ ದೀನಾ ಅಂಗಳದಿಂದ ಶಾಪರ್ ತೆಗೆಯುತ್ತಾಳೆ. "ಕೊತ್ತಂಬರಿ ಮರೀಬ್ಯಾಡ" ಎಂದು ಸುವಾರ್ತಾ ಕೂಗುತ್ತಾಳೆ. ದೀನಾ ತಿರುಗಿ ನೋಡದೆ ಬೆಲ್ಲು ಹೊಡೆಯುತ್ತಾಳೆ. ಓಣಿಯ ತಿರುವು ಬರುವವರೆಗೆ ನಾವಿಬ್ಬರೂ ಅವಳನ್ನೇ ನೋಡುತ್ತೇವೆ. ಅವಳು ಒಂದಿಷ್ಟೇ ವಾಲುತ್ತಾಳೆ, ಸೈಕಲ್ಲು ತಾನಾಗಿ ತಿರುಗುತ್ತದೆ, ಬೆತ್ತದ ಬುಟ್ಟಿ ಕಣ್ಮರೆಯಾಗುತ್ತದೆ.

"ನೋಡಿದೇನು ಹೆಂಗ ಹೊಡೀತಾಳ, ಮುದುಕಿ" ಎನ್ನುತ್ತಾಳೆ ಸುವಾರ್ತಾ, ಹಲ್ಲು ಕಚ್ಚಿ.

ನೋಡಿದೆ. ನನ್ನ ಕೀಲಿನ ತನಕ ಉರಿಯುತ್ತದೆ.